ತಕ್ಕಡಿ ತಟ್ಟೆಯ ಅಡಿಗೆ ಮೆತ್ತಿದ ಬೆಲ್ಲ

ಆ ಕಾಲದ ಮಂಡ್ಯದಲ್ಲಿ ನನ್ನ ಹೊಟ್ಟೆಗೆ ಸಮನಾದ ಇನ್ನೊಂದು ಹೊಟ್ಟೆ ಇರಲಿಲ್ಲ. ಸಕ್ಕರೆ ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. ಇನ್ನು ಬೆಲ್ಲದ ಮಂಡಿಗಳ ಕಥೆ ಮುಗಿಯಿತು ಎಂದು ಉಳಿದ ವ್ಯಾಪಾರಿಗಳು ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದರೆ, ನನ್ನ ಮಂಡಿಗೆ ಬಂದ ರೈತರು ನನ್ನ ಹೊಟ್ಟೆ ನೋಡಿಯೇ ಧೈರ್ಯ ತಂದುಕೊಳ್ಳುತ್ತಿದ್ದರು. ಕೀಟಲೆಯಲ್ಲೂ ನನ್ನನ್ನು ಮೀರಿಸಿದವರಿಲ್ಲ. ಮಂಡಿಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದವನ ಜುಟ್ಟನ್ನು ಗೋಣಿಚೀಲಕ್ಕೆ ಸೇರಿಸಿ ಹೊಲಿದವನು ನಾನು.

ಹೊಲಿಸಿಕೊಂಡವನು ನನ್ನ ಹೆಂಡತಿಯ ತಮ್ಮ. ಮಳವಳ್ಳಿ ಕಡೆಯವನು. ನಮ್ಮ ಮಂಡಿಯಲ್ಲೇ ಬೆಲ್ಲ ತೂಗುವ ಕೆಲಸ. ಭಾವ ಭಾಮೈದ ಎಂದ ಮೇಲೆ ನಮ್ಮ ಕಡೆ ಒಬ್ಬರನ್ನೊಬ್ಬರು ರೇಗಿಸಲೇಬೇಕು. ರೇಗಿಸದಿದ್ದರೆ ಇಬ್ಬರಿಗೂ ಏನೋ ಮನಸ್ತಾಪ ಬಂದಿದೆ ಎಂದು ಮನೆಯ ಹೆಂಗಸರು ಗಾಬರಿಯಾಗುತ್ತಾರೆ.

ಒಂದು ದಿನ ಗದ್ದೆಯಲ್ಲಿ ಕಡಿದುಳಿದ ಕಬ್ಬಿನ ಕೂಳೆ ನನ್ನ ಕಾಲಿನ ಹೆಬ್ಬೆರಳಿಗೆ ಚುಚ್ಚಿತು. ಇಂಥವು ಎಷ್ಟು ಚುಚ್ಚಿಲ್ಲ ಎಂದು ಸುಮ್ಮನಿದ್ದೆ. ಗಾಯ ಮಾಗಲಿಲ್ಲ. ಅದರ ಜೊತೆಗೆ ಎಷ್ಟು ನೀರು ಕುಡಿದರೂ ಆರದ ದಾಹ. ಹಿತ್ತಲಲ್ಲಿ ನಾನು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುವುದನ್ನು ಕಂಡಾಗ ಎದೆ ಸ್ವಲ್ಪ ಅಳುಕಿತು. ಮಂಡ್ಯದಲ್ಲಿ ತೋರಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ರೈಲು ಹತ್ತಿ ಮದ್ದೂರಿಗೆ ಹೋದೆ.

ಅಲ್ಲಿಯ ಡಾಕ್ಟರು ನನ್ನ ಉಚ್ಚೆಯನ್ನು ಒಂದು ನೀಲಿ ನೀರಿನ ಜೊತೆ ಗಾಜಿನ ಕೊಳವೆಯಲ್ಲಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಬಣ್ಣವಾಯಿತು.

"ಸಾಹುಕಾರ್ರೇ, ಬೆಲ್ಲ ಮಾರಿದ್ದು ಸಾಲದೂಂತ ಮೈಯಲ್ಲೂ ತುಂಬಿಸ್ಕೊಂಡಿದ್ದೀರ. ಸಿಹಿಮೂತ್ರ ಇದು. ಊಟ ಕಟ್ಟುನಿಟ್ಟಾಗಿರಲಿ, ದಿನಾ ನಡೀರಿ, ನಿಧಾನವಾಗಿ ಮೈ ಇಳಿಸಿ. ಇಲ್ದಿದ್ರೆ ಬೆರಳಿಗೆ ಬಂದದ್ದು ಪಾದಕ್ಕೆ ಬರುತ್ತೆ."

ಪಾದ ಎಂದದ್ದು ನನ್ನ ಕಿವಿಗೆ ಬಿತ್ತು. ನಿಧಾನವಾಗಿ ಎಂದದ್ದು ಬೀಳಲಿಲ್ಲ.

ಬೆಲ್ಲದ ಮಂಡಿಯವನಿಗೆ ಸಕ್ಕರೆ ಕಾಯಿಲೆ ಎಂದು ಹೇಗೆ ಹೇಳಲಿ? ಮದ್ದೂರಿನ ಒಬ್ಬ ವ್ಯಾಪಾರಿಯ ಜೊತೆ ಪಂಥ ಕಟ್ಟಿದ್ದೇನೆ, ಸಂಕ್ರಾಂತಿಯೊಳಗೆ ಹೊಟ್ಟೆ ಕರಗಿಸದಿದ್ದರೆ ಮೀಸೆ ಬೋಳಿಸಬೇಕು ಎಂದು ಸಾರಿದೆ. ಎಲ್ಲರೂ ನಂಬಿದರು. ನನ್ನ ಸುಳ್ಳುಗಳೇ ಹಾಗೆ, ನಿಜಕ್ಕಿಂತ ಗಟ್ಟಿ. ಹೆಂಡತಿಗೂ ಅದನ್ನೇ ಹೇಳಿದೆ. ಅವಳು ಗಾಯಕ್ಕೆ ಅರಿಶಿನ ಕಟ್ಟಿ ಸುಮ್ಮನಾದಳು.

ದಿನಾ ಬೆಳಿಗ್ಗೆ ಮಂಡಿ ಬಾಗಿಲು ತೆಗೆದ ಕೂಡಲೇ, ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿಯ ಮರದ ತಟ್ಟೆಯಲ್ಲಿ ನಾನು ಚಕ್ಕಳಮಕ್ಕಳ ಹಾಕಿ ಕೂರುವುದು, ಭಾಮೈದ ಆ ಕಡೆ ತೂಕದ ಕಲ್ಲು ಇಡುವುದು. ಮೊದಮೊದಲು ಒಂದೊಂದೇ ಕಲ್ಲು ತೆಗೆಯುತ್ತಾ ಬಂದ. ಗೆದ್ದೆ ಎಂದುಕೊಂಡೆ. ಆಮೇಲೆ ತಕ್ಕಡಿ ಹಟ ಹಿಡಿದು ನಿಂತುಬಿಟ್ಟಿತು.

"ಏನ್ಲಾ, ಇಳಿದಿದ್ದೀನಾ?"

"ಎಲ್ ಇಳ್ದಿದ್ದೀಯ ಬಾವ? ನಮ್ಮಕ್ಕ ಕದ್ದು ಉಣ್ಣಿಕ್ತಾವ್ಳೆ ಅಂತ ಕಾಣ್ತದೆ."

"ಅರ್ಧ ಮುದ್ದೆ ಕಣ್ಲಾ ತಿಂದಿದ್ದು."

"ಅಂಗಾರೆ ಗಾಳಿ ಕುಡ್ದು ಊದ್ಕಂಡಿದ್ದೀಯ ಬುಡು. ಮೀಸೆಗೆ ಕತ್ತಿ ಮಸೆಯೋಕೇಳ್ತೀನಿ."

ಅರ್ಧ ಮುದ್ದೆಯನ್ನೂ ಬಿಟ್ಟೆ. ತೂಕಕ್ಕೆ ಮೊದಲು ನೀರು ಕುಡಿಯುವುದನ್ನು ಬಿಟ್ಟೆ. ಉಡಿದಾರಕ್ಕೆ ಕಟ್ಟಿದ್ದ ಬೀಗದಕೈಯನ್ನೂ ಬಿಚ್ಚಿಟ್ಟು ಕೂತೆ. ಸಂಜೆಗೊಮ್ಮೆ ತೂಗಿಸಿಕೊಳ್ಳುವುದು ಸೇರಿಕೊಂಡಿತು. ಗಿರಾಕಿಗಳ ಜೊತೆ ಮಾತಾಡುತ್ತಿದ್ದರೂ ಕಣ್ಣು ತಕ್ಕಡಿಯ ಮೇಲೆ. ಕಾಲನ್ನು ನಾನು ಬಗ್ಗಿ ನೋಡಿ ಎಷ್ಟು ಕಾಲವಾಗಿತ್ತೋ. ಅದು ನೋಯುತ್ತಿರಲಿಲ್ಲ. ನೋಯದಿದ್ದರೆ ವಾಸಿಯಾಗುತ್ತಿದೆ ಎಂದೇ ನನ್ನ ಲೆಕ್ಕ.

ಹೆಂಡತಿ ಮಾತ್ರ ಒಂದು ಸಂಜೆ ಬಾಗಿಲಿಗೆ ಅಡ್ಡ ನಿಂತಳು. "ಉಡ್ದಾರ ಸೊಂಟದಲ್ಲಿ ನಿಲ್ತಿಲ್ಲ, ತೊಡೆಗಂಟ ಜಾರ್ತದೆ. ನಾನೇ ಗಂಟು ಬಿಗಿ ಮಾಡ್ಕೊಟ್ಟಿವ್ನಿ. ಕೆನ್ನೆ ಒಳಿಕ್ಕೋಗವೆ. ಕಾಲು ನಾತ ಒಡೀತದೆ. ನಿಮ್ಗೇನೂ ತಿಳಿಯಾಕಿಲ್ವಾ?"

"ತಕ್ಕಡಿಗಿಂತ ನಿನ್ನ ಕಣ್ಣು ದೊಡ್ಡದಾ? ಅದು ಇಳಿದಿಲ್ಲ ಅಂತದೆ ಕಣಮ್ಮ" ಎಂದೆ.

ಮಾರನೆಯ ಬೆಳಿಗ್ಗೆ ತಟ್ಟೆಯಲ್ಲಿ ಕೂತವನಿಗೆ ಮಂಡಿಯೇ ತಿರುಗಿದಂತಾಯಿತು. ಉರುಳಿಬಿದ್ದೆ. ನಾನು ಬಿದ್ದ ರಭಸಕ್ಕೆ ತಟ್ಟೆ ಮಗುಚಿಕೊಂಡು ನನ್ನ ಮುಖದ ಮೇಲೇ ತೂಗಾಡಿತು. ಅದರ ತಳಕ್ಕೆ, ಗೋಡೆಗೆ ಬೆರಣಿ ತಟ್ಟಿದ ಹಾಗೆ, ಬೆಲ್ಲ ಮೆತ್ತಿತ್ತು. ಹಳೆಯದು ಕಪ್ಪಾಗಿ, ಹೊಸದು ಇನ್ನೂ ಹಳದಿಯಾಗಿ. ನಾನು ಇಳಿದಷ್ಟೂ ಭಾಮೈದ ಬೆಲ್ಲ ಮೆತ್ತುತ್ತಾ ಬಂದಿದ್ದ. ಜುಟ್ಟು ಹೊಲಿದದ್ದಕ್ಕೆ ಬಡ್ಡಿ. ಮಾಡಿದ ರೀತಿ ನೋಡಿ, ಆ ಸ್ಥಿತಿಯಲ್ಲೂ, ಭಲೆ ಎನ್ನಿಸಿತು. ಆಮೇಲೆ ಕಣ್ಣು ಕತ್ತಲೆ ಬಂತು.

ಎಚ್ಚರವಾದಾಗ ಮದ್ದೂರಿನ ಆಸ್ಪತ್ರೆಯಲ್ಲಿದ್ದೆ. ನನ್ನ ಜೇಬಿನಲ್ಲಿ ಸಿಕ್ಕ ಡಾಕ್ಟರ ಚೀಟಿ ನೋಡಿ ಭಾಮೈದ ಅಲ್ಲಿಗೇ ತಂದಿದ್ದನಂತೆ. ಹೆಬ್ಬೆರಳು ಕೊಳೆತು ಹೋಗಿತ್ತು. ಅದನ್ನು ತೆಗೆದರು. ಪಾದದ ಮಾತು ಈಗಲೇ ಹೇಳಲಾಗದು ಎಂದರು ಡಾಕ್ಟರು.

"ಉಪವಾಸ ಬೀಳಿ ಅಂದಿದ್ನೇನ್ರೀ ನಾನು? ಹೀಗೆ ಸೊರಗಿದ್ರೆ ಅದು ಬೊಜ್ಜು ಕರಗಿದ್ದಲ್ಲ, ಕಾಯಿಲೆ ತಿಂದದ್ದು. ನೋಡಬೇಕಾಗಿದ್ದು ಕಾಲನ್ನ, ನೀವು ನೋಡಿದ್ದು ತಕ್ಕಡೀನ. ಇನ್ನು ಮೇಲೆ ತಿಂಗಳಿಗೊಂದು ಸಲ ತೂಗಿ, ಸಾಕು. ಮಿಕ್ಕ ದಿನ ನಿಮ್ಮನೆಯವರು ಉಡಿದಾರ ನೋಡ್ಲಿ, ಗಾಯ ನೋಡ್ಲಿ. ಸ್ಟೇಷನ್ವರೆಗೂ ನಡೆದು ಹೋದ್ರೆ ಮಾತಾಡೋಕೆ ಉಸಿರು ಉಳಿಯುತ್ತಾ, ಅದನ್ನ ನೀವು ನೋಡ್ಕೊಳ್ಳಿ. ಕೊಳವೆಯ ಬಣ್ಣ ನಾನು ನೋಡ್ತೀನಿ."

ಭಾಮೈದ ಬಾಗಿಲ ಹತ್ತಿರ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡ. ಡಾಕ್ಟರು ಹೋದ ಮೇಲೆ ಹತ್ತಿರ ಬಂದ. "ಕಾಯಿಲೆ ಅಂತ ಒಂದ್ ಮಾತು ಏಳಿದ್ರೆ ನಾನ್ ಇಂಗ್ ಮಾಡ್ತಿದ್ನಾ ಬಾವ?"

"ಏಳಿದ್ರೆ ನೀನು ನಂಬ್ತಿದ್ಯೇನ್ಲಾ?"

ಅವನು ನನ್ನ ಕಾಲಿನ ಮೇಲೆ ಹೊದಿಕೆ ಎಳೆದು ಸರಿಮಾಡಿದ.

ಮನೆಗೆ ಬಂದ ಮೇಲೆ ಅವನು ನನ್ನನ್ನು ರೇಗಿಸುವುದನ್ನೇ ನಿಲ್ಲಿಸಿದ. ಕುಂಟುವವನನ್ನು ರೇಗಿಸುವುದಕ್ಕೆ ಎಷ್ಟೊಂದು ದಾರಿಗಳಿವೆ. ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ. ನಾನು ಕೆಣಕಿದರೂ ತಲೆ ತಗ್ಗಿಸಿ ಹೋಗುತ್ತಿದ್ದ. "ನಿಮ್ಮಿಬ್ರಿಗೂ ಏನ್ ಬಂತು?" ಎಂದು ಹೆಂಡತಿ ಕೇಳಿದಳು. ದಿನಾ ಸಂಜೆ ಅವಳು ದೀಪ ಹಿಡಿದು ನನ್ನ ಅಂಗಾಲು ನೋಡುವಳು. ಪಕ್ಕದ ಬೆರಳು ಒಮ್ಮೆ ಕೆಂಪಗೆ ಕಾಣುವುದು, ಒಮ್ಮೆ ಸರಿಯಿದೆ ಎನ್ನಿಸುವುದು. ನಾನು ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದೆ.

ತಿಂಗಳಿಗೊಮ್ಮೆ ತೂಕದ ದಿನ ಬಂದರೆ ಭಾಮೈದ ಮೊದಲು ತಟ್ಟೆಯನ್ನು ಮಗುಚಿ, ಒದ್ದೆ ಬಟ್ಟೆಯಲ್ಲಿ ತಳ ಒರೆಸಿ, ನನಗೆ ತೋರಿಸಿ, ಆಮೇಲೆ ನೇತುಹಾಕುತ್ತಿದ್ದ. ದೇವರ ಪಾತ್ರೆ ತೊಳೆದ ಹಾಗೆ. ನನಗೆ ಬೆರಳು ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚುತ್ತಿತ್ತು.

ಒಂದು ತಿಂಗಳು ನಾನೇ ಮುಂಚೆ ಹೋಗಿ, ತಟ್ಟೆಯ ತಳಕ್ಕೆ ಒಂದು ದಪ್ಪ ಬೆಲ್ಲದ ಉಂಡೆ ಮೆತ್ತಿ ಬಂದೆ. ಅವನು ಬಂದ. ಮಗುಚಿದ. ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಿದ. ನಾನು ತೊಲೆಯ ಕಡೆ ನೋಡಿದೆ.

ಉಗುರಿನಲ್ಲಿ ಬೆಲ್ಲ ಕೆರೆದು ತೆಗೆದ. "ಇದ ನೀನು ತಿನ್ನಂಗಿಲ್ಲ ಬಾವ" ಎಂದು ತನ್ನ ಬಾಯಿಗೆ ಹಾಕಿಕೊಂಡು, ನನಗೆ ಕಾಣುವಂತೆ ನಿಧಾನವಾಗಿ ಚಪ್ಪರಿಸಿದ. ಆಮೇಲೆ ನನ್ನನ್ನು ಕೂರಿಸಿ ಕಲ್ಲು ಇಟ್ಟ.

"ಎಷ್ಟಾಯ್ತ್ಲಾ?" ಎಂದೆ.

"ಅದ್ಯಾಕೆ ನಿಂಗೆ" ಎಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಕಾಲು ತೋರ್ಸು."