ಗ್ರೈಂಡರು, ಬ್ಯಾಟರಿ ಸ್ಕೂಟರು ಮತ್ತು ಒಂದೇ ಪ್ಲಗ್ಗು

ದಹಿಸರಿನ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಆ ಭಾನುವಾರ ಬೆಳಿಗ್ಗೆ ನಾವು ನಾಲ್ವರಿದ್ದೆವು: ಅಜ್ಜಿ, ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಚಿಕ್ಕಪ್ಪ, ಪಕ್ಕದ ಮನೆಯ ಉಡುಪಿ ಹೋಟೆಲಿನ ಮಾವ, ಮತ್ತು ನಾನು. ಚಿಕ್ಕಪ್ಪನನ್ನು ನೋಡಲು ಮೈಸೂರಿನಿಂದ ಹೆಣ್ಣಿನ ತಂದೆ ಬರುವವರಿದ್ದರು. ಹಿಂದಿನ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಇದಾದರೂ ಕೂಡಿಬರಲೆಂದು, ಅವರನ್ನು ಸ್ಟೇಷನ್ನಿನಿಂದ ತನ್ನ ಬ್ಯಾಟರಿ ಸ್ಕೂಟರಿನಲ್ಲೇ ಕರೆತಂದು ಬೆರಗುಗೊಳಿಸಬೇಕೆಂದು ಅವನ ಹಟ.

ಧಾರಾವಿಯ ವರ್ಕ್‌ಶಾಪಿನಲ್ಲಿ ಹಳೆಯ ಸ್ಕೂಟರಿನ ಎಂಜಿನ್ ಕೀಳಿಸಿ, ಮೋಟರನ್ನೂ ಲಾರಿ ಬ್ಯಾಟರಿಗಳನ್ನೂ ಕೂರಿಸಿದ ಗಾಡಿ ಅದು. ಹೋಟೆಲ್ ಮಾವನದು ಮೊಪೆಡ್. ಪೆಟ್ರೋಲಿದ್ದರೆ ಪೆಟ್ರೋಲು, ಇಲ್ಲದಿದ್ದರೆ ಪೆಡಲು. ಈಗ ಹೈಬ್ರಿಡ್ ಕಾರು ಎನ್ನುತ್ತಾರಲ್ಲ, ಅದರ ಬಡ ಸೋದರತ್ತೆ ಎನ್ನಿ.

"ನಿಮ್ಮದು ಎರಡು ದೋಣಿಗೆ ಕಾಲಿಟ್ಟ ಗಾಡಿ ಮಾವ," ಎಂದ ಚಿಕ್ಕಪ್ಪ. "ನನ್ನದು ಕರೆಂಟ್ ಬಿಟ್ಟು ಬೇರೇನೂ ಮುಟ್ಟೋಲ್ಲ."

"ಆಯ್ತು ಮಾರಾಯ, ನಿನ್ನ ಪತಿವ್ರತೆ ಸ್ಟೇಷನ್ ಮುಟ್ಟಿದ್ರೆ ಸಾಕು."

ಮುಟ್ಟಿತು. ವಾಪಸು ಬರುವಾಗ, ಹೆಣ್ಣಿನ ತಂದೆಯನ್ನು ಹಿಂದೆ ಹೊತ್ತುಕೊಂಡು, ನಮ್ಮ ಕಣ್ಣೆದುರೇ ಗಲ್ಲಿಯ ತಿರುವಿನಲ್ಲಿ ನಿಂತುಬಿಟ್ಟಿತು. ಅವರು ಜರಿಪಂಚೆ ಎತ್ತಿಕಟ್ಟಿ ತಳ್ಳತೊಡಗಿದರು. ಹೋಟೆಲ್ ಮಾವ ಮೊಪೆಡ್ ಹತ್ತಿ ಹೊರಟರೆ ಅದರ ಪೆಟ್ರೋಲೂ ಮುಗಿದಿತ್ತು. ಆದರೇನು, ಪೆಡಲು ತುಳಿದೇ ಹೋಗಿ, ಅವರನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಏದುಸಿರು ಬಿಡುತ್ತ ತಂದಿಳಿಸಿದರು. ಹಿಂದಿನಿಂದ ಚಿಕ್ಕಪ್ಪ ಪತಿವ್ರತೆಯನ್ನು ತಳ್ಳಿಕೊಂಡು ಬಂದ.

"ನಿನ್ನೆ ಸಂಜೆಯೇ ಚಾರ್ಜಿಗೆ ಹಾಕಿದ್ದೆ," ಎಂದ, ಬೆವರೊರೆಸಿಕೊಳ್ಳುತ್ತ.

"ನಾನೇ ಕಿತ್ತೆ ಕಣೋ," ಎಂದರು ಅಜ್ಜಿ, ಶಾಂತವಾಗಿ. "ಮನೇಲಿರೋದು ಒಂದೇ ದೊಡ್ಡ ಪ್ಲಗ್ಗು. ಗ್ರೈಂಡರ್ ಹಾಕಬೇಕಿತ್ತು. ಬರೋರಿಗೆ ಇಡ್ಲಿ ಬೇಡವೇನೋ? ನಿನ್ನ ಗಾಡಿ ಒಂದು ದಿನ ಉಪವಾಸ ಇದ್ದರೆ ಏನಂತೆ?"

ಚಿಕ್ಕಪ್ಪ ಸ್ಕೂಟರನ್ನು ಗೋಡೆಗೊರಗಿಸಿ ಎಲ್ಲರ ಹಿಂದೆ ಮನೆಯೊಳಗೆ ಬಂದ. ಈ ಸಂಬಂಧವೂ ಹೋಯಿತೆಂದು ಅವನ ಮುಖವೇ ಹೇಳುತ್ತಿತ್ತು. ಹೆಣ್ಣಿನ ತಂದೆ ಇಡ್ಲಿ ತಿಂದರು, ಮತ್ತೆ ಹಾಕಿಸಿಕೊಂಡರು, ಕೈತೊಳೆದು ಬಂದು ಕೇಳಿದರು:

"ಈ ಹಿಟ್ಟು ರುಬ್ಬಿದ್ದು ಅದೇ ಪ್ಲಗ್ಗಿನಲ್ಲೋ?"

"ಹೌದು," ಎಂದರು ಅಜ್ಜಿ.

"ಹಾಗಾದರೆ ಕರೆಂಟು ದಂಡವಾಗಿಲ್ಲ ಬಿಡಿ."

ವೈಶಾಖದಲ್ಲಿ ಮದುವೆಯಾಯಿತು. ಚಿಕ್ಕಮ್ಮನ ಜೊತೆ ಮೈಸೂರಿನಿಂದ ರೈಲಿನಲ್ಲಿ ಒಂದು ಒರಳುಕಲ್ಲೂ ಬಂತು. ಹಮಾಲರಿಬ್ಬರು ಅದನ್ನು ಹೊತ್ತು ತಂದು, ಗ್ರೈಂಡರು ಸರಿಸಿ, ಆ ಜಾಗದಲ್ಲಿ ಇಳಿಸಿ ಹೋದರು. ಪ್ಲಗ್ಗು ಸ್ಕೂಟರಿಗೇ ಉಳಿಯಿತು.