ಅಕ್ಕನ ಬುತ್ತಿ ಡಬ್ಬಿ

ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ ಎಂದರೆ ಸಿಂಧನೂರಿನ ಹಳೆಯ ಗೆಳೆಯರು ಈಗಲೂ ನಗುತ್ತಾರೆ. ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಡೆ ಆಗ ಆ ವಾದ್ಯದ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ‘ನಾಕು ತಂತೀದು’ ಎನ್ನುತ್ತಿದ್ದರು. ಆರು ತಂತಿಯವನಿಗೆ ಸಿಗುವ ಮರ್ಯಾದೆ ನನಗಿರಲಿಲ್ಲ. “ಉಳಿದ ಎರಡು ತಂತಿ ಎಲ್ಲಿ ಹರಕೊಂಡ್ಯೋ ತಮ್ಮಾ?” ಎಂದು ಮದುವೆ ಮನೆಯ ಹಿರಿಯರೊಬ್ಬರು ಕನಿಕರದಿಂದ ಕೇಳಿದ್ದುಂಟು. ಆ ಮಾತಿಗೆ ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದೆ. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವಳು ನನ್ನ ಅಕ್ಕ. ನನಗಿಂತ ಐದು ವರ್ಷ ದೊಡ್ಡವಳು. ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯವರ ಕುಪ್ಪಸ, ಲಂಗ ಹೊಲಿಯುತ್ತಿದ್ದಳು, ಮಷಿನ್ ತುಳಿಯುವ ಲಯಕ್ಕೆ ಹಾಡಿಕೊಳ್ಳುತ್ತಿದ್ದಳು. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಬ್ಯಾಂಡಿನ ಹುಡುಗರು ಮನೆಗೆ ಬಂದು ಅವಳನ್ನು ಹಾಡಲು ಕಳಿಸಿರೆಂದು ಅವ್ವನನ್ನು ಕೇಳಿದಾಗ ಅವ್ವ ಬಹಳ ಹೊತ್ತು ಅಕ್ಕಿ ಆರಿಸುತ್ತಲೇ ಇದ್ದಳು. ಕೊನೆಗೆ, “ತಮ್ಮ ಜೋಡಿ ಇರ್ತಾನಂದ್ರ ಹೋಗ್ಲಿ. ಅಕಿಗೆ ಏನರ ಆತಂದ್ರ ನಾ ಇವನ್ನ ಕೇಳಾಕಿ” ಎಂದಳು. ಅಂದರೆ ಬ್ಯಾಂಡಿನಲ್ಲಿ ನನ್ನ ಮೊದಲ ಕೆಲಸ ಅಕ್ಕನ ಕಾವಲು, ಆಮೇಲೆ ಗಿಟಾರು.

ಅಕ್ಕನಿಗೆ ಒಂದು ಪದ್ಧತಿ ಇತ್ತು. ವೇದಿಕೆ ಹತ್ತುವ ಮುಂಚೆ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ನಿಂತು ಹಾಡುತ್ತಿದ್ದಳು. ನಾವು ಗಂಡಸರು ರಬ್ಬರ್ ತಳದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಧಿಮಾಕಿನಿಂದ ನಿಲ್ಲುತ್ತಿದ್ದೆವು. ಇದನ್ನು ನೆನಪಿಡಿ, ಮುಂದೆ ಎಲ್ಲವೂ ಇದರ ಮೇಲೆಯೇ ನಿಂತಿದೆ.

ನನ್ನ ತಲೆಯಲ್ಲಿ ಆಗ ಪೆಡಲ್‌ನ ಹುಚ್ಚು. ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ಬದಲಾಗುವ ಡಬ್ಬಿ ಅದು. ಅದರ ನಕ್ಷೆಯನ್ನು ರಾಯಚೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಹರಕು ಪತ್ರಿಕೆಯಲ್ಲಿ ನೋಡಿದ್ದೆ. ಸತ್ತ ರೇಡಿಯೋಗಳ ಹೊಟ್ಟೆ ಬಗೆದು ಟ್ರಾನ್ಸಿಸ್ಟರ್ ತೆಗೆದೆ. ಒತ್ತುವ ಸ್ವಿಚ್ಚಿಗೆ ಪರದಾಡಿ, ಕೊನೆಗೆ ಗ್ಯಾರೇಜಿನಲ್ಲಿ ಮೂಲೆಗೆ ಬಿದ್ದಿದ್ದ ಲಾರಿಯ ಡಿಪ್ಪರ್ ಸ್ವಿಚ್ ಬಿಚ್ಚಿ ತಂದೆ. ಡ್ರೈವರ್ ಕಾಲಲ್ಲಿ ಒತ್ತಿ ದೀಪ ತಗ್ಗಿಸುವುದು ಅದು, ಆನೆ ತುಳಿದರೂ ಮುರಿಯುವುದಿಲ್ಲ. ಇನ್ನು ಬೇಕಾದದ್ದು ಇದನ್ನೆಲ್ಲ ಒಳಗೆ ಕೂರಿಸಲು ಒಂದು ಲೋಹದ ಡಬ್ಬಿ. ಅಕ್ಕ ತನ್ನ ಸೂಜಿ, ದಾರ, ಗುಂಡಿಗಳನ್ನು ನೆಲಕ್ಕೆ ಸುರುವಿ ತನ್ನ ಶಾಲೆಯ ಕಾಲದ ಬುತ್ತಿ ಡಬ್ಬಿಯನ್ನೇ ಕೈಗಿಟ್ಟಳು.

ಆ ಡಬ್ಬಿಯಲ್ಲಿ ನಾವಿಬ್ಬರೂ ಉಂಡಿದ್ದೆವು. ಚಿಕ್ಕವರಿದ್ದಾಗ ನಮ್ಮ ಹಳ್ಳಿ ಸಾಲಗುಂದದಿಂದ ಸಿಂಧನೂರಿನ ಶಾಲೆಗೆ ಬರುತ್ತಿದ್ದೆವು. ಬಿಸಿಲಿಗೆ ಮಧ್ಯಾಹ್ನದೊಳಗೆ ಅನ್ನ ಹಳಸಿಬಿಡುತ್ತಿತ್ತು. ಡಬ್ಬಿ ತೆರೆದ ಕೂಡಲೆ ಅಕ್ಕ ಮೊದಲ ತುತ್ತು ತನ್ನ ಬಾಯಿಗಿಟ್ಟು ನೋಡುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತ, “ಹಳಸಿಲ್ಲಲ್ಲ?” ಎಂದು ಕೇಳುತ್ತಿದ್ದೆ. “ಇಲ್ಲ, ಉಣ್ಣು” ಎಂದಮೇಲೆ ನನ್ನ ಕೈ ಡಬ್ಬಿಗೆ ಹೋಗುತ್ತಿತ್ತು.

ಪೆಡಲ್‌ನ ಮೊದಲ ಪ್ರಯೋಗ ಜವಳಗೇರಾದ ಒಂದು ಮದುವೆಯಲ್ಲಿ. ಹಾಡಿನ ನಡುವೆ ಡಬ್ಬಿ ಒತ್ತಿದೆ. ನಾಲ್ಕು ತಂತಿ ಗೊರ್ರೆಂದು, ಕೆರಳಿದ ಹೋರಿಯಂತೆ ಗುಟುರು ಹಾಕಿದವು. ನನಗೆ ಮೈಯೆಲ್ಲ ಜುಮ್ಮೆಂದಿತು. ಅಷ್ಟರಲ್ಲಿ ಮೈಕ್‌ಸೆಟ್ಟಿನ ಕಾಕಾ ಎದೆ ಬಡಿದುಕೊಳ್ಳುತ್ತ ಓಡಿಬಂದ. ನಮ್ಮ ಎಲ್ಲ ಕಾರ್ಯಕ್ರಮಕ್ಕೂ ಅವನದೇ ಆಂಪ್ಲಿಫೈಯರ್, ಅವನದೇ ಸ್ಪೀಕರ್. ನಮ್ಮ ಮೈಕುಗಳೂ ನನ್ನ ಗಿಟಾರೂ ಅವನ ಒಂದೇ ಪೆಟ್ಟಿಗೆಗೆ ಜೋಡಣೆ.

“ಬಂದ್ ಮಾಡ್ರಲೇ! ನನ್ನ ಸ್ಪೀಕರ್ ಹರದೈತಿ!”

“ಹರದಿಲ್ಲ ಕಾಕಾ, ನಾನಾ ಬೇಕಂತ ಹಂಗ ಮಾಡಾಕತ್ತೀನಿ.”

“ಬೇಕಂತ ಹರಕ ಆವಾಜ್ ತೆಗೀತೀಯೇನಲೇ? ದಿಮಾಗ್ ಎಲ್ಲಿಟ್ಟಿ?”

ಅಕ್ಕ ಮೈಕಿನ ಮುಂದೆಯೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗು ಸ್ಪೀಕರಿನಲ್ಲಿ ಇಡೀ ಊರಿಗೆ ಕೇಳಿಸಿತು. ಮುಂದೆ ಮೂರ್ನಾಲ್ಕು ಕಾರ್ಯಕ್ರಮಗಳಲ್ಲಿ ಜನರೇ ‘ಆ ಗೊರ್ರ್ ಅನ್ನೋದು ಹಚ್ರಿ’ ಎಂದು ಕೂಗತೊಡಗಿದ ಮೇಲೆ ಕಾಕಾನೂ ಒಪ್ಪಿಕೊಂಡ.

ಡಬ್ಬಿಗೆ ಕರೆಂಟು ಕೊಡುತ್ತಿದ್ದದ್ದು ಆರು ಟಾರ್ಚಿನ ಸೆಲ್ಲು. ಒಂದು ಸಲ ಡ್ರಮ್ಮಿನವನ ಕಾಲು ತಾಕಿ ಸೆಲ್ಲುಗಳು ಉರುಳಿಹೋಗಿ, ಸರಿಯಾಗಿ ಗುಟುರು ಹಾಕಬೇಕಾದ ಜಾಗದಲ್ಲಿ ಡಬ್ಬಿ ಮೂಕಾಯಿತು. ಜನ ನಕ್ಕರು. ನನ್ನ ಮೂಗಿನ ತುದಿಯ ಸಿಟ್ಟು ಮತ್ತೆ ಏರಿತು. ಸೆಲ್ಲಿನ ಸಹವಾಸವೇ ಬೇಡವೆಂದು ಕೆಟ್ಟ ಟೇಪ್ ರೆಕಾರ್ಡರಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ನೇರ ಗೋಡೆಯ ಕರೆಂಟಿನಿಂದಲೇ ನಡೆಯುವಂತೆ ಅದನ್ನು ಡಬ್ಬಿಯೊಳಗೆ ಕೂರಿಸಿದೆ. ಅದರ ತಂತಿಯ ಮೇಲ್ಪದರ ಒಂದು ಕಡೆ ಸುಟ್ಟು ಸುಲಿದಿತ್ತು. ಆವತ್ತು ತಂತಿಗೆ ಸುತ್ತುವ ಕರೆಂಟಿನ ಟೇಪು ಮನೆಯಲ್ಲಿರಲಿಲ್ಲ. ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ, ಹೋಗಿ ಬರಲು ಅರ್ಧ ಗಂಟೆ. ಮರುದಿನವೇ ಮಸ್ಕಿಯಲ್ಲಿ ಕಾರ್ಯಕ್ರಮ. ಅಕ್ಕನ ಮಷಿನ್ ಪಕ್ಕ ಬಿದ್ದಿದ್ದ ಲಂಗದ ಲಾಡಿಯ ತುಂಡನ್ನು ಸುಲಿದ ಜಾಗಕ್ಕೆ ಎರಡು ಸುತ್ತು ಬಿಗಿದು ಗಂಟು ಹಾಕಿದೆ. ಅಷ್ಟೇ. ಅರ್ಧ ಗಂಟೆಯ ಸೋಮಾರಿತನ.

ಮಸ್ಕಿಯದು ಕಲ್ಲುನೆಲ. ನಮ್ಮ ಕಾಲುವೆ ಕಡೆಯ ಗದ್ದೆ ನೆಲದಲ್ಲಿ ಕಾಕಾ ಅರ್ಥಿಂಗಿನ ಕಬ್ಬಿಣದ ಸರಳನ್ನು ಮೊಣಕಾಲುದ್ದ ಇಳಿಸುತ್ತಿದ್ದ, ತಪ್ಪಿ ಸೋರಿದ ಕರೆಂಟು ಆ ಹಸಿ ಮಣ್ಣಿಗೆ ಹೋಗುತ್ತಿತ್ತು. ಇಲ್ಲಿ ಎಷ್ಟು ಬಡಿದರೂ ಸರಳು ಗೇಣಿಗಿಂತ ಕೆಳಗಿಳಿಯಲಿಲ್ಲ. ಸಂಜೆ ಐದಕ್ಕೆ ಆರತಕ್ಷತೆ. ಧೂಳೇಳಬಾರದೆಂದು ಮಣ್ಣಿನ ವೇದಿಕೆಗೆ ಚೆನ್ನಾಗಿ ನೀರು ಚಿಮುಕಿಸಿದ್ದರು. ಅಕ್ಕ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ನಮಸ್ಕರಿಸಿ, ಮೈಕ್ ಹಿಡಿದು ತುಟಿ ಹತ್ತಿರ ತಂದಳು.

ಹಾಡು ಬರಲಿಲ್ಲ. ಒಂದು ಸಣ್ಣ ಚೀತ್ಕಾರ ಬಂತು, ಅಕ್ಕ ಹಿಂದಕ್ಕೆ ಬಿದ್ದಳು. ಕಾಕಾ ಓಡಿಹೋಗಿ ಮೇನ್ ತೆಗೆದ. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಪ್ರಜ್ಞೆ ಇತ್ತು, ಮಾತು ಇರಲಿಲ್ಲ. ಕೆಳತುಟಿಯ ಮೇಲೆ ಬಿಳಿಯ ಗುಳ್ಳೆ ಎದ್ದಿತ್ತು. “ಅಕ್ಕಾ, ಅಕ್ಕಾ” ಎನ್ನುತ್ತಿದ್ದೆನಂತೆ. ನನಗೆ ನೆನಪಿರುವುದು ಆ ಗುಳ್ಳೆಯೊಂದೇ.

ತಪ್ಪು ಕಾಕಾನ ಮೇಲೆ ಬಿತ್ತು. ಮೈಕು ಅವನದು, ಕರೆಂಟು ಹೊಡೆದದ್ದು ಮೈಕು. ಅದರಾಚೆ ಯಾರೂ ಯೋಚಿಸಲಿಲ್ಲ. “ನನ್ನ ಮೈಕ್ ಇಲ್ಲಿತನ ಯಾರಿಗೂ ಹೊಡದಿಲ್ರೀ, ಆ ತಾಯಿ ಆಣೆ” ಎಂದು ಅವನು ಬೇಡಿಕೊಂಡರೂ ಬ್ಯಾಂಡಿನವರು ಅಲ್ಲೇ ಅವನನ್ನು ಕೈಬಿಟ್ಟರು. ಮುಂದಿನ ಕಾರ್ಯಕ್ರಮಕ್ಕೆ ಬೇರೆಯವರ ಮೈಕ್‌ಸೆಟ್ ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಡಬ್ಬಿಗೆ ಕರೆಂಟು ಕೊಟ್ಟು, ಸುಮ್ಮನೆ ಟೆಸ್ಟರ್ ಮುಟ್ಟಿಸಿದೆ. ಟೆಸ್ಟರಿನೊಳಗಿನ ಕೆಂಪು ದೀಪ ಝಗ್ಗೆಂದು ಹತ್ತಿತು. ಮಸ್ಕಿಯ ಸೆಖೆಗೆ ನಾನೇ ಸುರಿಸಿದ ಬೆವರೋ, ನೆಲಕ್ಕೆ ಚಿಮುಕಿಸಿದ ನೀರೋ ತಾಕಿ ಲಾಡಿ ಒದ್ದೆಯಾಗಿತ್ತು, ಮುಚ್ಚಿದ ಡಬ್ಬಿಯೊಳಗೆ ಇನ್ನೂ ಆರಿರಲಿಲ್ಲ. ಕರೆಂಟು ಡಬ್ಬಿಯ ಮೈಗೆ, ಡಬ್ಬಿಯಿಂದ ಕಾಕಾನ ಪೆಟ್ಟಿಗೆಗೆ, ಅಲ್ಲಿಂದ ಮೈಕಿಗೆ ಹರಿದಿತ್ತು. ಬೂಟು ಹಾಕಿದ ನಮಗೆ ಯಾರಿಗೂ ಏನೂ ಆಗಲಿಲ್ಲ. ನೆಲಕ್ಕೆ ನಮಸ್ಕರಿಸಿ ಬರಿಗಾಲಲ್ಲಿ ನಿಂತವಳ ತುಟಿ ಸುಟ್ಟಿತು.

ಹೇಳಿದೆನೇ? ಇಲ್ಲ. ಟ್ರಾನ್ಸ್‌ಫಾರ್ಮರನ್ನು ಕಿತ್ತು ಅಟ್ಟಕ್ಕೆ ಎಸೆದೆ, ಡಬ್ಬಿಗೆ ಮತ್ತೆ ಸೆಲ್ಲು ಹಾಕಿದೆ. ಇನ್ನು ಸರಿಯಾಯಿತಲ್ಲ, ಹೇಳಿ ಏನು ಉಪಯೋಗ ಎಂದುಕೊಂಡೆ. ಹೇಡಿಗಳಿಗೆ ಇಂಥ ಮಾತುಗಳು ಬೇಗ ಹೊಳೆಯುತ್ತವೆ.

ಆದರೆ ಅಕ್ಕನ ಹಾಡು ನಿಂತುಹೋಯಿತು. ಗುಳ್ಳೆ ಒಣಗಿ ಸಿಪ್ಪೆ ಉದುರಿದ ಮೇಲೂ ಪಡಸಾಲೆಯಲ್ಲಿ ಬರೀ ಮಷಿನ್ನಿನ ಸದ್ದು. “ಸಾಕು ಬಿಡವ್ವಾ, ಕರೆಂಟ್ ತಿಂದು ಹಾಡೋ ಕರ್ಮ ಯಾರಿಗೆ ಬೇಕು” ಎಂದು ಅವ್ವ ಅಂದರೆ ಅಕ್ಕ ಮಷಿನ್ ಇನ್ನೂ ಜೋರಾಗಿ ತುಳಿಯುತ್ತಿದ್ದಳು. ಲಿಂಗಸುಗೂರಿನ ಶಾಲೆಯೊಂದರ ವಾರ್ಷಿಕ ಗ್ಯಾದರಿಂಗಿಗೆ ಕರೆ ಬಂದಾಗ ಬ್ಯಾಂಡಿನವರು ಅವಳನ್ನು ಕೇಳಿದರು. “ಮೈಕ್ ನೆನಸಿಕೊಂಡ್ರ ತುಟಿ ನಡುಗ್ತಾವ” ಎಂದಳು.

ಅದಾದ ಎರಡನೆಯ ದಿನ, ಮಧ್ಯಾಹ್ನ ನಾನು ಮನೆಗೆ ಬಂದೆ. ಅವ್ವ ಇರಲಿಲ್ಲ. ಒಳಗೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿ ಮೈಕಿನ ಬದಲು ಲಟ್ಟಣಿಗೆ. ಕಾಲಲ್ಲಿ ಚಪ್ಪಲಿ. ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ. ಬಾಯಿ ತೆರೆಯುತ್ತಾಳೆ, ಕಾಲು ನೋಡಿಕೊಳ್ಳುತ್ತಾಳೆ, ಬಾಯಿ ಮುಚ್ಚುತ್ತಾಳೆ. ನನ್ನನ್ನು ಕಂಡು ನಾಚಿದಳು.

“ತಪ್ಪು ನಂದ ಐತಿ ನೋಡು. ಎಲ್ಲಾರೂ ಕಾಲಾಗ ಹಾಕ್ಕೊಂಡ ನಿಂದರ್ತಾರ, ನಾ ಒಬ್ಬಾಕಿ ಬರಿಗಾಲಲೆ ನಿಂತೆ. ರೂಢಿ ಮಾಡ್ಕೊಳ್ಳಾಕತ್ತೀನಿ. ಆದ್ರ ಚಪ್ಪಲ್ ಹಾಕ್ಕೊಂಡ್ರ ಹಾಡ ಬರವಲ್ದು ನನಗ.”

ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆ. ಟ್ರಾನ್ಸ್‌ಫಾರ್ಮರ್, ಸುಟ್ಟ ತಂತಿ, ಲಾಡಿ, ಟೆಸ್ಟರಿನ ಕೆಂಪು ದೀಪ, ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು.

ಅಕ್ಕ ಕೇಳಿದಳು. ಬಗ್ಗಿ ಒಂದು ಚಪ್ಪಲಿ ತೆಗೆದಳು, ಅದು ನನ್ನ ಭುಜಕ್ಕೆ ಬಿತ್ತು. ಎರಡನೆಯದು ಗುರಿ ತಪ್ಪಿ ನೀರಿನ ಕೊಡಕ್ಕೆ ಬಡಿಯಿತು. ಆಮೇಲೆ ನೆಲದ ಮೇಲೆ ಕೂತು ಅತ್ತಳು. ನಾನು ಹತ್ತಿರ ಹೋದರೆ ಕೈಯಿಂದ ತಳ್ಳಿದಳು.

“ಕರೆಂಟ್ ಹೊಡದಿದ್ದಕ್ಕ ಅಲ್ಲಲೇ. ಅದಾ ಡಬ್ಬಿಯಾಗ ನಾ ಬಾಯಿಗಿಟ್ಟು ನೋಡಿ ನಿನಗ ಉಣ್ಣಾಕ ಕೊಡ್ತಿದ್ದೆ. ನೀ ನೋಡದ ಕೊಟ್ಟೆಲ್ಲೋ ನನಗ.”

ಆಮೇಲೆ ಕಣ್ಣು ಒರೆಸಿಕೊಂಡು, “ಮೊದ್ಲು ಕಾಕಾನ ಮನಿಗೆ ಹೋಗು. ಅವ ಏನ್ ಮಾಡ್ಯಾನ ಪಾಪ” ಎಂದಳು.

ಹೋದೆ. ಟ್ರಾನ್ಸ್‌ಫಾರ್ಮರನ್ನೂ ಒಯ್ದಿದ್ದೆ. ಕಾಕಾ ಕನ್ನಡಕ ಏರಿಸಿ, ಗಂಟು ಹಾಕಿದ ಲಾಡಿಯನ್ನು ಉಗುರಿನಿಂದ ಎತ್ತಿ ನೋಡಿದ.

“ಇದು ಲಂಗದ ಲಾಡಿ ಅಲ್ಲೇನಲೇ?”

“ಹೌದ್ರೀ.”

“ಕರೆಂಟಿಗೆ ಲಾಡಿ ಕಟ್ಟಿ ಮಾನ ಕಾಯಾಕ ಹೋಗಿದ್ದೇನು?”

ಕಾಕಾ ಬೈಯಲಿಲ್ಲ. ಬ್ಯಾಂಡಿನ ಎಲ್ಲರ ಮುಂದೆ ಇದನ್ನೇ ಹೇಳು ಎಂದ. ಹೇಳಿದೆ. ಅವರು ಬೈದದ್ದನ್ನು ಇಲ್ಲಿ ಬರೆಯಲಾರೆ. ಆದರೆ ಲಿಂಗಸುಗೂರಿಗೆ ಕಾಕಾನ ಮೈಕ್‌ಸೆಟ್ಟೇ ಹೊರಟಿತು. ಸರಳು ಬಡಿಯುವುದು, ಅದರ ಬುಡಕ್ಕೆ ಉಪ್ಪುನೀರು ಸುರಿಯುವುದು ಇನ್ನು ಮೇಲೆ ನನ್ನ ಕೆಲಸವೆಂದೂ ತೀರ್ಮಾನವಾಯಿತು. ಅಕ್ಕ ಬರುತ್ತೇನೆ ಎನ್ನಲಿಲ್ಲ. ಹೊರಡುವ ದಿನ ತಾನೇ ಬಂದು ಬಸ್ಸಿನಲ್ಲಿ ಕೂತಳು.

ಶಾಲೆಯ ಅಂಗಳ. ಇಳಿಹೊತ್ತಿನ ಬಿಸಿಲು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತು ಗದ್ದಲ ಮಾಡುತ್ತಿದ್ದರು. ನಾನು ಒಂದು ಗುದ್ದಲಿ ತಂದು ಆಳಕ್ಕೆ ಅಗೆದು ಸರಳು ಇಳಿಸಿದೆ. ಎರಡು ಕೊಡ ಉಪ್ಪುನೀರು ಸುರಿದೆ. ಪೂಜೆಯೆಂದುಕೊಂಡು ಶಾಲೆಯ ಆಯಾ ಓಡಿಬಂದು ಸರಳಿಗೆ ಕುಂಕುಮ ಹಚ್ಚಿದಳು. ನಾನು ಬೇಡವೆನ್ನಲಿಲ್ಲ. ಆವತ್ತು ಯಾವ ದೇವರು ಬಂದಿದ್ದರೂ ನನಗೆ ಬೇಕಾಗಿತ್ತು.

ಅಕ್ಕ ವೇದಿಕೆಯ ಕೆಳಗೆ ನಿಂತಿದ್ದಳು. ಚಪ್ಪಲಿ ಕಾಲಲ್ಲೇ ಇತ್ತು. ನಾನು ಬೂಟು ಬಿಚ್ಚಿದೆ, ಕಾಲುಚೀಲವನ್ನೂ. ವೇದಿಕೆ ಹತ್ತಿ ಒಂದು ಚೊಂಬು ನೀರನ್ನು ಪಾದದ ಬುಡಕ್ಕೆ ಸುರಿದುಕೊಂಡೆ. ಕಾಕಾ ಪೆಟ್ಟಿಗೆ ಚಾಲೂ ಮಾಡಿದ. ಮೈಕನ್ನು ಎರಡೂ ಕೈಯಿಂದ ಹಿಡಿದು ಅದರ ಜಾಲರಿಗೆ ತುಟಿ ಒತ್ತಿದೆ. ಹೆದರಿಕೆಯಿಂದ ಕಣ್ಣು ಮುಚ್ಚಿದ್ದೆ. ತಣ್ಣನೆಯ ಕಬ್ಬಿಣ, ಸ್ವಲ್ಪ ಧೂಳು. ಮತ್ತೇನೂ ಇಲ್ಲ. ಮಕ್ಕಳು ಹೋ ಎಂದು ನಕ್ಕರು.

ಮೇಲಿಂದಲೇ ಅಕ್ಕನ ಕಡೆ ನೋಡಿದೆ. ಅವಳು ಸಾಲದೆಂಬಂತೆ ತಲೆ ಅಲ್ಲಾಡಿಸಿದಳು.

“ಡಬ್ಬಿ ಹಚ್ಚಿ ನೋಡು.”

“ಡಬ್ಬಿ ಬ್ಯಾಡ ಬಿಡಕ್ಕ. ಇನ್ನ ಯಾವತ್ತೂ ಬ್ಯಾಡ.”

“ಅದು ನನ್ನ ಡಬ್ಬಿ ಐತಿ. ಹಚ್ಚು.”

ಚೀಲದ ತಳದಲ್ಲಿ ಟವೆಲಿನಲ್ಲಿ ಸುತ್ತಿಟ್ಟಿದ್ದೆ. ತೆಗೆದು ಗಿಟಾರಿಗೆ ಜೋಡಿಸಿದೆ. ಆರು ಸೆಲ್ಲುಗಳನ್ನು ಈ ಸಲ ಬಿಗಿಯಾಗಿ ಕಟ್ಟಿದ್ದೆ, ಸರಿಯಾದ ಟೇಪಿನಿಂದ. ಬರಿಗಾಲಲ್ಲೇ ಡಿಪ್ಪರ್ ಸ್ವಿಚ್ ಒತ್ತಿದೆ, ಒಂದು ಕೈಯಲ್ಲಿ ತಂತಿ ಮೀಟಿದೆ. ಡಬ್ಬಿ ಗೊರ್ರೆಂದಿತು. ಆ ಸದ್ದು ನಡೆಯುತ್ತಿರುವಾಗಲೇ ಮತ್ತೊಮ್ಮೆ ಮೈಕಿಗೆ ತುಟಿ ಇಟ್ಟೆ. ಈ ಸಲ ಕಣ್ಣು ತೆರೆದೇ ಇದ್ದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳು ಚಪ್ಪಲಿ ಬಿಟ್ಟಳು. ಮೆಟ್ಟಿಲ ಹತ್ತಿರ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒದ್ದೆ ನೆಲದ ಮೇಲೆ ನಿಧಾನವಾಗಿ ನಡೆದು ಬಂದು ನನ್ನ ಪಕ್ಕ ನಿಂತಳು. ತುಟಿಯ ಮೇಲಿನ ಕಲೆ ಇನ್ನೂ ಮಾಸಿರಲಿಲ್ಲ. ಮೈಕಿನ ಕಡೆ ಅವಳ ಕೈ ಹೋಯಿತು, ಅರ್ಧದಲ್ಲೇ ನಿಂತಿತು. ನನ್ನ ಕಡೆ ತಿರುಗಿ, ನನಗೊಬ್ಬನಿಗೇ ಕೇಳಿಸುವಂತೆ ಕೇಳಿದಳು.

“ಹಳಸಿಲ್ಲಲ್ಲ?”

“ಇಲ್ಲಕ್ಕ” ಎಂದೆ. “ಉಣ್ಣು.”

ಅವಳು ಮೈಕ್ ಹಿಡಿದುಕೊಂಡಳು.