ಅಜ್ಜಿಯ ಬಿಳಿ ಪಾಯಸ

ನಮ್ಮೂರ ಮದ್ದುಸೊಪ್ಪಿನ ಮೇಲೆ ನಡೆದ ಒಂದು ಸಂಶೋಧನೆಯ ನಷ್ಟ ಹೊತ್ತವಳು ನನ್ನ ಅಜ್ಜಿ ಪುಟ್ಟತಾಯಮ್ಮ. ಮೊನ್ನೆ ಅಂಗಡಿಯೊಂದರಲ್ಲಿ ಮದ್ದುಸೊಪ್ಪಿನ ಸತ್ವವೆಂದು ಬರೆದಿದ್ದ ಸೀಸೆಯ ಮುಚ್ಚಳ ತೆರೆದಾಗ, ಸ್ಪಿರಿಟ್ಟಿನ ಘಾಟಿನ ಅಡಿಯಿಂದ ಅವಳ ಒಲೆಯ ಸಿಹಿಗಂಪು ಕ್ಷೀಣವಾಗಿ ಎದ್ದುಬಂತು.

ಜಡಿಮಳೆಯ ಆಟಿ ತಿಂಗಳ ಹದಿನೆಂಟನೆಯ ದಿನ ಆ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಕೂಡುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಅಂದು ಕೊಡ್ಲಿಪೇಟೆಯ ನಮ್ಮ ಮನೆಯ ಹಿಂದಿನ ಹಳ್ಳದ ದಂಡೆಗೆ ಕೇರಿಯವರೆಲ್ಲ ಸೊಪ್ಪಿಗಾಗಿ ಬರುತ್ತಿದ್ದರು. ಅಜ್ಜಿ ಹಸಿ ಸೊಪ್ಪನ್ನು ಮುಚ್ಚಿದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದಳು. ಗಡಿಯಾರ ನೋಡುತ್ತಿರಲಿಲ್ಲ, ಆವಿಯ ಒಗರು ಹೋಗಿ ಸಿಹಿ ಬಂದಾಗ ಇಳಿಸುತ್ತಿದ್ದಳು. ಸೋಸಿದ ನೇರಳೆ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಸೇರಿ ಪಾಯಸವಾಗುತ್ತಿತ್ತು. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹಿಡಿಯಿತೆಂದು ಲೆಕ್ಕ. "ನಿಂದಕ್ಕಿಂತ ನಂದೇ ಕೆಂಪು ಕಣಕ್ಕಾ!" ಎಂದು ನನ್ನ ತಮ್ಮ ಹಿತ್ತಲಿನಿಂದ ಕೂಗುತ್ತಿದ್ದ.

ಒಂದು ಆಟಿಯಲ್ಲಿ ಜೀಪಿನಲ್ಲಿ ಸಂಶೋಧಕರು ಬಂದರು. ಉರಿ, ನೀರು, ವಾಸನೆ ಎಲ್ಲವನ್ನೂ ಬರೆದುಕೊಂಡರು. "ಮದ್ದು ಹಿಡಿದದ್ದು ಹೇಗೆ ತಿಳಿಯುತ್ತೆ ಅಮ್ಮ?" ಎಂದು ಒಬ್ಬರು ಕೇಳಿದರು.

"ಉಂಡು ಇಲ್ಲೇ ಮಲಗಿ ಸ್ವಾಮಿ, ಬೆಳಿಗ್ಗೆ ಹಿತ್ತಲಿಗೆ ಹೋದ್ರೆ ನಿಮ್ಗೇ ತಿಳೀತದೆ."

ಎಲ್ಲರೂ ನಕ್ಕರು. ಹೊರಡುವಾಗ ಅಜ್ಜಿ ಹೇಳಿದ್ದು ಒಂದೇ ಮಾತು: "ಬೇಕಾದಷ್ಟು ಕುಯ್ಕೊಳ್ಳಿ. ಬುಡಕ್ಕೆ ಮಾತ್ರ ಕೈ ಹಾಕ್ಬ್ಯಾಡಿ, ಎರಡು ಗೆಣ್ಣು ಬಿಡಿ. ಮುಂದಿನ ವರ್ಷಕ್ಕೂ ನಮ್ಗೆ ಹೊಟ್ಟೆ ಐತೆ."

ವಾರದ ನಂತರ, ಅಜ್ಜಿ ಗದ್ದೆಯಲ್ಲಿದ್ದಾಗ, ಅವರು ಗೋಣಿಚೀಲಗಳೊಂದಿಗೆ ಮರಳಿದರು. ಜೀಪಿನ ಮುಂದಿನ ಸೀಟಿನಲ್ಲಿ ಕೂರುವ ಆಸೆಗೆ ದಂಡೆಯ ದಾರಿ ತೋರಿಸಿದವಳು ನಾನು. ಅಜ್ಜಿಗೆ ತಿಳಿಸದೆ ಬಂದು ಕಿತ್ತದ್ದು ತಪ್ಪು. ಬೇರುಸಹಿತ ಕಿತ್ತದ್ದು ಅದಕ್ಕಿಂತ ದೊಡ್ಡ ತಪ್ಪು. ಹಳ್ಳದುದ್ದಕ್ಕೂ ಕಿತ್ತ ಬುಡಗಳ ಗುಂಡಿಗಳನ್ನು ನೋಡುತ್ತ ನಾನು ಸುಮ್ಮನಿದ್ದದ್ದೂ ತಪ್ಪೇ.

ಮುಂದಿನ ಆಟಿಯಲ್ಲಿ ಅಜ್ಜಿ ದಂಡೆಯ ಮೇಲೆ ಎರಡು ಸಲ ಹೋಗಿ ಬಂದಳು. ಊರಿಗೆಲ್ಲ ಸೊಪ್ಪು ಕೊಡುತ್ತಿದ್ದವಳು ಬೇರೆಯವರ ಬಾಗಿಲಿಗೆ ಹೋಗಲಿಲ್ಲ. ಬರೀ ಅಕ್ಕಿಯ ಬಿಳಿ ಪಾಯಸ ಮಾಡಿ ಬಡಿಸಿದಳು. ನನ್ನನ್ನು ಬೈಯಲೇ ಇಲ್ಲ. ಮರುದಿನ ಬೆಳಿಗ್ಗೆ ನನ್ನ ತಮ್ಮ ಹಿತ್ತಲಿನಿಂದ ಕೆಂಪಿನ ಲೆಕ್ಕ ಕೂಗದೆ ಒಳಗೆ ಬಂದ.

ಕಾಲೇಜಿನ ಗ್ರಂಥಾಲಯದಲ್ಲಿ ಆ ಸಂಶೋಧಕರ ವರದಿ ಓದಿದಾಗ ಅಜ್ಜಿ ಬದುಕಿರಲಿಲ್ಲ. ಹಸಿ ಎಲೆ, ಮುಚ್ಚಿದ ಪಾತ್ರೆ, ಮಂದ ಉಷ್ಣ, ಪರಿಮಳ ಬದಲಾಗುವ ಹಂತ: ಎಲ್ಲವೂ "ನಾವು ರೂಪಿಸಿದ ವಿಧಾನ"ವಾಗಿತ್ತು. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಅವರಿಗೆ ಎಷ್ಟೋ ಪತ್ರ ಬರೆದು ದಣಿದಿದ್ದೇನೆ. ಇದು ಇನ್ನೊಂದು.

ಆ ವರದಿಗೆ ಸಹಿ ಹಾಕಿದವರೇ, ನಿಮ್ಮ ವರದಿಯೇ ಹೇಳುವಂತೆ ನಿಮ್ಮ ಸಸ್ಯತೋಟದಲ್ಲಿ ನಮ್ಮ ದಂಡೆಯ ಬುಡಗಳು ಈಗಲೂ ಚಿಗುರುತ್ತಿವೆ. ವಿಧಾನದ ಮೊದಲ ಸಾಲಿನಲ್ಲಿ ಪುಟ್ಟತಾಯಮ್ಮನ ಹೆಸರು ಬರೆಯಿರಿ. ಬರುವ ಆಟಿಯೊಳಗೆ ಬೇರು ಬಿಟ್ಟ ಸಸಿಗಳನ್ನು ತಂದು, ಕಿತ್ತ ಜಾಗದಲ್ಲೇ, ನಿಮ್ಮ ಕೈಯಿಂದಲೇ ನೆಡಿ. ದಾರಿ ನಾನು ತೋರಿಸುತ್ತೇನೆ.